ಹಾಯಿಯ ನೆರಳು

ನನ್ನ ಅಣ್ಣ ಸೂರತ್‌ನಲ್ಲಿ ಉಡುಪಿ ಹೋಟೆಲ್ ನಡೆಸುತ್ತ, ದೋಸೆ ಕಾವಲಿಯ ಹೊಗೆಯಲ್ಲೇ ಮುದುಕನಾದವನು. ಅತ್ತಿಗೆ ತೀರಿಕೊಂಡ ಮೇಲೆ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಹಳೆಯದೊಂದು ಸಣ್ಣ ಹಾಯಿದೋಣಿ ಕೊಂಡ. ಮಕ್ಕಳಿರಲಿಲ್ಲ, ಹೀಗಾಗಿ ಬೇಡ ಎನ್ನುವವರೂ ಇರಲಿಲ್ಲ. ಮಗ್ದಲ್ಲಾ ಬಂದರಿನ ಬಳಿ ತಾಪಿ ನದಿಯಲ್ಲಿ ಅದನ್ನು ಕಟ್ಟಿಹಾಕುತ್ತಿದ್ದ. ಇಬ್ಬರು ಮಲಗುವಷ್ಟು ಗೂಡು, ಅದರ ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನಲ್, ಒಳಗೆ ಹಲಗೆಯಡಿ ಬ್ಯಾಟರಿ, ಗಾಳಿ ಇಲ್ಲದ ಹೊತ್ತಿಗೆಂದು ಹಿಂದೆ ಒಂದು ಸಣ್ಣ ಎಂಜಿನ್.

ನಾನು ವಡೋದರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ರಜೆ ಸಿಕ್ಕಾಗ ರೈಲು ಹತ್ತಿ ಬರುತ್ತಿದ್ದೆ. ಮೊದಲು ಅವನು ಕಲಿಸಿದ್ದು ಹಾಯಿ ಏರಿಸುವುದನ್ನಲ್ಲ, ಕರೆಂಟು ಉಳಿಸುವುದನ್ನು. "ಇಲ್ಲಿ ಫ್ಯಾನ್ ಬೇಕಾದ್ರೆ ಲೈಟ್ ಇಲ್ಲ, ಲೈಟ್ ಬೇಕಾದ್ರೆ ಫ್ಯಾನ್ ಇಲ್ಲ. ಬ್ಯಾಟರಿ ಅಂದ್ರೆ ಅಕ್ಕಿ ಡಬ್ಬ ಇದ್ದ ಹಾಗೆ ಮಾರಾಯ್ತಿ, ತಳ ಕಾಣುವವರೆಗೆ ತೆಗೀಬಾರ್ದು," ಎನ್ನುತ್ತಿದ್ದ. ಹಕ್ಕಿಗಳ ಹಿಕ್ಕೆಯನ್ನೂ ಕಾರ್ಖಾನೆಗಳ ಕಡೆಯಿಂದ ಬಂದು ಕೂರುವ ಧೂಳನ್ನೂ ಪ್ಯಾನಲಿನಿಂದ ಒರೆಸುವುದು ನನ್ನ ಪಾಲಿನ ಕೆಲಸವಾಯಿತು.

ನಾನು ನಿವೃತ್ತಳಾದ ವರ್ಷವೇ ಅವನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ನಳಿಕೆ ಬಂತು, ಹಾಸಿಗೆಯ ಪಕ್ಕ ಆಕ್ಸಿಜನ್ ಮಷೀನ್ ಬಂತು. ನಾನು ಅವನ ಮನೆಗೇ ಬಂದು ಉಳಿದೆ. ಊಟ, ಔಷಧಿ ಯಾವುದನ್ನೂ ಅವನು ಕೇಳಲಿಲ್ಲ. ಕೇಳಿದ್ದು ಒಂದೇ: "ಒಂದ್ಸಲ ನದಿ ಬಾಯಿವರೆಗೆ ಹೋಗಿ ಬರುವನಾ?"

ಡಾಕ್ಟರು ಬಹಳ ಯೋಚಿಸಿ ಒಪ್ಪಿದರು. ಸಣ್ಣ ಮಷೀನೊಂದನ್ನು ದೋಣಿಯ ಬ್ಯಾಟರಿಗೆ ಜೋಡಿಸಿದೆವು. ಕೈಗೆ ಸಿಗುವಂತೆ ಸಿಲಿಂಡರೊಂದನ್ನೂ ಇಟ್ಟೆ. ಚಳಿಗಾಲದ ಬೆಳಗ್ಗೆ, ಇಳಿತದ ನೀರಿನ ಜೊತೆ ಹೊರಟೆವು. ಚುಕ್ಕಾಣಿ ಅವನ ಕೈಯಲ್ಲಿ, ಹಗ್ಗಗಳು ನನ್ನ ಕೈಯಲ್ಲಿ. ಸಮುದ್ರ ಕಂಡಾಗ ಅವನು ಬಾಯಿ ತೆರೆದು ಗಾಳಿ ಕುಡಿಯುವವನಂತೆ ಕೂತಿದ್ದ.

ಮಧ್ಯಾಹ್ನ ಕಳೆದು ಹಿಂದಿರುಗುವಾಗ ಬಿಸಿಲು ಬೆನ್ನ ಹಿಂದಿತ್ತು. ಉಬ್ಬಿದ ಹಾಯಿಯ ನೆರಳು ಸರಿಯಾಗಿ ಪ್ಯಾನಲಿನ ಮೇಲೆ ಬಿತ್ತು. ಬ್ಯಾಟರಿ ಮೀಟರಿನ ಅಂಕೆ ಇಳಿಯತೊಡಗಿತು. ನಾನು ನೋಡಿದ್ದನ್ನು ಅವನೂ ನೋಡಿದ.

"ಅಣ್ಣ, ಹಾಯಿ ಇಳಿಸ್ತೇನೆ. ಎಂಜಿನ್ ಹಾಕುವ."

"ಗಾಳಿ ಇಷ್ಟು ಚಂದ ಉಂಟು. ಸ್ವಲ್ಪ ಹೊತ್ತು ಇರ್ಲಿ."

"ಮಷೀನ್ ನಿಂತ್ರೆ?"

"ಸಿಲಿಂಡರ್ ಉಂಟಲ್ಲ."

ಕರೆಂಟು ಸಾಲದೆಂದು ಮಷೀನು ಒಮ್ಮೆ ಕೂಗಿತು. ಮತ್ತೆ ಅವನನ್ನು ಕೇಳದೆ ಹಗ್ಗ ಬಿಚ್ಚಿದೆ. ಹಾಯಿ ಕುಸಿದು ಅವನ ಮಂಡಿಯ ಮೇಲೆ ಬಂದು ಬಿತ್ತು. ಅವನು ಅದನ್ನು ಸರಿಸಲಿಲ್ಲ. ಮಗುವಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿ, ಮುಖ ಆಚೆ ತಿರುಗಿಸಿದ. ಪ್ಯಾನಲಿಗೆ ಬಿಸಿಲು ಸಿಕ್ಕಿತು, ಅಂಕೆ ನಿಧಾನವಾಗಿ ಮೇಲೇರಿತು. ಎಂಜಿನಿನ ಗಡಗಡ ಸದ್ದಿನಲ್ಲೇ ದಡ ಸೇರಿದೆವು.

ದಡದಲ್ಲಿ ಅವನನ್ನು ಇಳಿಸಿಕೊಳ್ಳುವಾಗ ನನ್ನ ತೋಳು ಹಿಡಿದು, "ನೀನು ಮಾಡಿದ್ದೇ ಸರಿ," ಎಂದ. ಮತ್ತೆ ದೋಣಿಯ ಸುದ್ದಿಯನ್ನೇ ಎತ್ತಲಿಲ್ಲ. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟ.

ಆ ದೋಣಿಯನ್ನು ಭರೂಚ್ ಕಡೆಯ ಗಂಡ ಹೆಂಡತಿ ಕೊಂಡರು. ನನಗೆ ಬರುವ ಹರಕು ಗುಜರಾತಿಯಲ್ಲಿ ಅವರಿಗೆ ಎಲ್ಲ ತೋರಿಸಿದೆ: ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಎಲ್ಲಿಯವರೆಗೆ, ಮೋಡ ಕವಿದ ದಿನ ಯಾವುದನ್ನು ಮೊದಲು ಆರಿಸಬೇಕು, ತಂತಿಗೆ ಹಸಿರು ಹಿಡಿದರೆ ಹೇಗೆ ಉಜ್ಜಬೇಕು. ಹೆಂಗಸು ಬೆರಗಾಗಿ, "ಬೆಹನ್, ಇದನ್ನೆಲ್ಲ ಯಾರು ಕಲಿಸಿದ್ರು?" ಎಂದಳು.

"ಮೋಟಾ ಭಾಯಿ," ಎಂದೆ. ನನ್ನ ದೊಡ್ಡಣ್ಣ ಎಂಬ ಅರ್ಥದಲ್ಲೇ ಹೇಳಿದ್ದೆ. ಆದರೆ ಆ ಊರಿನಲ್ಲಿ ಎಲ್ಲ ಗಂಡಸರೂ ಭಾಯಿಗಳೇ. ಯಾರೋ ಹಿರಿಯ ಅಂಬಿಗನೆಂದುಕೊಂಡಿರಬೇಕು ಅವಳು.

"ಹಾಗಾದ್ರೆ ಹಾಯಿ ಕಟ್ಟೋದಕ್ಕೆ ಅವರನ್ನೇ ಒಂದಿನ ಕಳಿಸ್ತೀರಾ?"

ಸೆರಗು ಸಿಕ್ಕಿಸಿಕೊಂಡು, ಹಗ್ಗ ಎಲ್ಲಿಂದ ಶುರುವಾಗುತ್ತದೆಂದು ನಾನೇ ತೋರಿಸತೊಡಗಿದೆ.