ಜಾಗ ಸಾಲದೆ ಹೊರಗುಳಿದ ಹುಡುಗಿ

ಮಂಗಳವಾರ ಮಧ್ಯಾಹ್ನ ಕೋಲಾರದ ನಮ್ಮ ಪತ್ರಿಕಾ ಕಚೇರಿಗೆ ರತ್ನಮ್ಮ ಬಂದರು. ಕೈಯಲ್ಲಿ ನಾನೇ ಬರೆದ ವರದಿಯ ತುಂಡು. ಹೊಗಳಲು ಬಂದಿರಬೇಕು ಎಂದುಕೊಂಡು ಕುರ್ಚಿ ಎಳೆದು ಕೊಟ್ಟೆ. (ಬರೆಯುವವರ ಚಪಲ ನಿಮಗೆ ಗೊತ್ತಲ್ಲ.)

"ಇದನ್ನ ವಾಪಸ್ ತಗೊಳ್ಳೋಕಾಗುತ್ತಾ ಸಾರ್?" ಎಂದರು.

ರತ್ನಮ್ಮ ನಂಗಲಿ ಹತ್ತಿರದ ಒಂದು ಹಳ್ಳಿಯ ಅಂಗನವಾಡಿ ಟೀಚರ್. ಪುಟ್ಟ ಮಕ್ಕಳ ಕಲಿಕೆಯ ಬಗ್ಗೆ ಪೇಪರಿನಲ್ಲಿ ಯಾರೂ ಬರೆಯುವುದಿಲ್ಲ, ನೀವಾದರೂ ಬನ್ನಿ ಎಂದು ಎರಡು ತಿಂಗಳ ಹಿಂದೆ ಕಾರ್ಡು ಹಾಕಿದ್ದರು. ಹೋದೆ. ಒಂದು ಬೆಳಗ್ಗೆ ಪೂರ್ತಿ ಕೂತು ನೋಡಿದೆ. ಹುಣಸೆ ಬೀಜ ಎಣಿಸುವುದು, ಹಿಪ್ಪುನೇರಳೆ ಎಲೆಗಳನ್ನು ಚಿಕ್ಕದು, ದೊಡ್ಡದು ಎಂದು ಜೋಡಿಸುವುದು, ಒಂದು ತೆಲುಗು ಹಾಡು, ಒಂದು ಕನ್ನಡ ಹಾಡು.

ಅಲ್ಲಿ ಮುನಿಲಕ್ಷ್ಮಿ ಎಂಬ ನಾಲ್ಕು ವರ್ಷದ ಹುಡುಗಿ ಇದ್ದಳು. ಸೇರಿದ ಮೇಲೆ ನಾಲ್ಕು ತಿಂಗಳು ತುಟಿ ಬಿಚ್ಚಿರಲಿಲ್ಲವಂತೆ. ಮೂಗಿ ಇರಬೇಕೆಂದು ಮನೆಯವರೂ ಸುಮ್ಮನಾಗಿದ್ದರು. ಒಂದು ದಿನ ಪಕ್ಕದ ಮಗು ಅವಳ ಬೀಜ ಎತ್ತಿಕೊಂಡಾಗ "ಅದಿ ನಾದಿ" ಅಂದುಬಿಟ್ಟಳಂತೆ. ಅದು ನನ್ನದು, ಅಂತ. ಹೇಳುವಾಗ ರತ್ನಮ್ಮನ ಕಣ್ಣು ತುಂಬಿತ್ತು.

ಎಲ್ಲ ಬರೆದು ತಂದೆ. ಸಂಪಾದಕರು ಓದಿ, ಕಟ್ಟಡ ಹೇಗಿದೆ ಎಂದು ಕೇಳಿದರು. ಒಂದು ಗೋಡೆ ಬಿರುಕು ಬಿಟ್ಟಿದೆ ಎಂದೆ.

"ಅದನ್ನ ಮೇಲೆ ತಗೊಳ್ರೀ."

ಬಿರುಕು ಮೇಲೆ ಹೋಯಿತು. ಫೋಟೋ ಬಂತು. ಜಾಗ ಸಾಲದೆ ಮುನಿಲಕ್ಷ್ಮಿ ಹೊರಗುಳಿದಳು. ಕತ್ತರಿ ಹಾಕಿದ್ದು ಬೇರಾರೂ ಅಲ್ಲ, ನಾನೇ.

ಪರಿಣಾಮ ಬೇಗ ಕಾಣಿಸಿತು. ವಾರದೊಳಗೆ ಇಲಾಖೆಯ ಜೀಪು ಬಂತು. ಮಕ್ಕಳ ಸುರಕ್ಷತೆಗಾಗಿ ಅಂಗನವಾಡಿಗೆ ಬೀಗ ಬಿತ್ತು. ಹೊಸ ಕಟ್ಟಡ ಆಗುವವರೆಗೆ ಮುಳಬಾಗಿಲಿನ ಕಚೇರಿಯಲ್ಲಿ ರಿಜಿಸ್ಟರ್ ಬರೆಯಿರಿ ಎಂದು ರತ್ನಮ್ಮನಿಗೆ ಆರ್ಡರ್. ಹೊಸ ಕಟ್ಟಡ ಯಾವಾಗ? ಅದು ಆರ್ಡರಿನಲ್ಲಿ ಇರಲಿಲ್ಲ. (ನಮ್ಮ ವರದಿಗೆ ಸ್ಪಂದನ ಎಂದು ನಾವು ಇನ್ನೊಂದು ಸುದ್ದಿಯನ್ನೂ ಹಾಕಿಕೊಂಡೆವು.)

"ಹೊಂಗೆ ಮರದ ಕೆಳಗೆ ಕೂರಿಸ್ಕೊಂಡು ಮಾಡ್ತೀನಿ ಅಂದೆ ಸಾರ್. ಬೇಡ, ಪೇಪರ್‌ನೋರು ಅದನ್ನೂ ಬರೀತಾರೆ ಅಂದ್ರು ಸಾಹೇಬ್ರು."

ಮುನಿಲಕ್ಷ್ಮಿ ಈಗ ತಾಯಿಯ ಜೊತೆ ಹೊಲಕ್ಕೆ ಹೋಗುತ್ತಾಳಂತೆ. ದಿನವಿಡೀ ಬದುವಿನ ಮೇಲೆ ಕೂತಿರುತ್ತಾಳೆ. ಮಾತು ಮತ್ತೆ ನಿಂತಿದೆ. ಅಂಗನವಾಡಿ ಯಾವಾಗ ತೆಗೆಯುತ್ತೀರಿ ಎಂದು ತಾಯಿ ಎರಡು ಸಲ ರತ್ನಮ್ಮನ ಮನೆ ಬಾಗಿಲಿಗೆ ಬಂದು ಕೇಳಿ ಹೋಗಿದ್ದಾಳೆ.

ರತ್ನಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ನಾನು ಕರೆದಿದ್ದು ಮಕ್ಕಳನ್ನ ನೋಡೋಕೆ. ನೀವು ಗೋಡೆ ನೋಡ್ಕೊಂಡು ಬಂದ್ರಿ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ಸಂಜೆಯೇ ಇನ್ನೊಂದು ವರದಿ ಬರೆದೆ. ಮೊದಲ ಸಾಲಿನಿಂದ ಕೊನೆಯವರೆಗೆ ಮಕ್ಕಳೇ. ಸಂಪಾದಕರು ಒಳ್ಳೆಯವರು, ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು, ಅಲ್ಲಿ ಏನಾದರೂ ಆಗಿದೆಯೇ, ಉಪ್ಪಿಟ್ಟಿನಲ್ಲಿ ಹಲ್ಲಿ ಬಿದ್ದಿದೆಯೇ, ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿದರು. ಇಲ್ಲ, ಒಂದು ಮಗು ಮಾತು ನಿಲ್ಲಿಸಿದೆ ಎಂದೆ.

"ಅದು ಸುದ್ದಿ ಹೇಗಾಗುತ್ತೆ?"

ಅವರ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ನಾನೂ ಅದನ್ನೇ ಕೇಳಿಕೊಂಡು ಬಂದವನು. ಪೆಟ್ಟಾದ ಮೇಲೆ ಓಡಿಹೋಗಿ ಬರೆಯುವುದು ಸುಲಭ. ಮೂರು ವರ್ಷದ್ದೊಂದು ಮಗು ಬೀಜ ಎಣಿಸುತ್ತಾ ಕೂತಿದ್ದರೆ ಏನಂತ ಹೆಡ್ಡಿಂಗ್ ಕೊಡುವುದು? ನನಗೆ ಇವತ್ತಿಗೂ ಗೊತ್ತಿಲ್ಲ.

ವರದಿ ಮೇಜಿನ ಮೇಲೇ ಉಳಿಯಿತು. ಆದ್ದರಿಂದ ಈ ಅಂಕಣದಲ್ಲಿ ಹಾಕುತ್ತಿದ್ದೇನೆ. ಇಲ್ಲಿ ನನ್ನ ಹಲ್ಲುನೋವು, ಬಸ್ಸಿನ ಸೀಟಿನ ಜಗಳ ಎಲ್ಲವೂ ಅಚ್ಚಾಗಿವೆ. (ಪಾಪ, ನೀವೂ ಓದಿದ್ದೀರಿ.)

ಬೀಗ ಹಾಕಿಸಿದ ಸಾಹೇಬರು ಇದನ್ನು ಓದುತ್ತಾರೆಂದು ಗೊತ್ತು. ಒಂದೇ ಮಾತು ಕೇಳುತ್ತೇನೆ: ಕಟ್ಟಡಕ್ಕೆ ಮಂಜೂರಾತಿ ಬರುವ ತನಕ ಮುನಿಲಕ್ಷ್ಮಿ ನಾಲ್ಕು ವರ್ಷದವಳಾಗಿಯೇ ಕಾಯಬೇಕೇ?