ಕರೆಂಟಿಲ್ಲದೆ ಬೆಳಗಿದ ಅಕ್ಷರಗಳು

ಪವಾಡ, ಶಕುನ, ದೆವ್ವ ಯಾವುದನ್ನೂ ನಾನು ನಂಬಿದವನಲ್ಲ. ಧೈರ್ಯಸ್ಥನೆಂದಲ್ಲ. ಮನೆಗೆ ಬೀಗ ಹಾಕಿದೆನೇ, ಗೀಸರ್ ಆರಿಸಿದೆನೇ ಎಂಬ ಭಯಗಳಲ್ಲೇ ದಿನ ಮುಗಿದುಹೋಗಿ ದೆವ್ವಗಳಿಗೆ ಸಮಯ ಉಳಿಯುತ್ತಿರಲಿಲ್ಲ, ಅಷ್ಟೆ.

ನಾನು ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ನಮ್ಮಲ್ಲಿ ತಗಡು ಒತ್ತುವ ಹಳೆಯ ಪ್ರೆಸ್ ಒಂದಿದೆ. ಅದರ ಮುಂಬದಿಯಲ್ಲಿ ಕಿತ್ತಳೆ ಬಣ್ಣದ ಅಕ್ಷರ ಮೂಡಿಸುವ ಗಾಜಿನ ಫಲಕ. ಎರಡು ಗಾಜುಗಳ ನಡುವೆ ನಿಯಾನ್ ಅನಿಲ. ಒಂದರಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಕೂದಲೆಳೆಯಂಥ ತಂತಿಗಳು. ಎರಡು ತಂತಿ ಒಂದನ್ನೊಂದು ಹಾಯುವ ಕಡೆ ಸಾಕಷ್ಟು ವೋಲ್ಟೇಜ್ ಸಿಕ್ಕರೆ ಅಲ್ಲಿನ ಅನಿಲ ಚುಕ್ಕಿಯಾಗಿ ಬೆಳಗುತ್ತದೆ. ಯಾವ ಚುಕ್ಕಿ ಬೆಳಗಬೇಕೆಂದು ಆಯ್ದುಕೊಳ್ಳುವುದು ಒಳಗಿನ ಸರ್ಕ್ಯೂಟು. ಚುಕ್ಕಿ ಸೇರಿ ಅಕ್ಷರ, ರಂಗೋಲಿಯ ಹಾಗೆ. ಕರೆಂಟಿಲ್ಲದಿದ್ದರೆ ಅದು ಬರೀ ಗಾಜು.

ಕೆಲವು ವರ್ಷಗಳ ಹಿಂದಿನ ಆಯುಧಪೂಜೆ. ಮೇನ್ ಸ್ವಿಚ್ ಇಳಿಸಿ ಯಂತ್ರವನ್ನೆಲ್ಲ ಒರೆಸಿದ್ದೆವು. ಫಲಕವನ್ನು ಒಣಬಟ್ಟೆಯಲ್ಲಿ ತಿಕ್ಕಿದವನು ನಾನೇ. ಮಂಗಳಾರತಿಯ ನಂತರ ಮೇನ್ ಎತ್ತಿ, ಹಸಿರು ಗುಂಡಿ ಒತ್ತಿ, ಪ್ರೆಸ್ಸನ್ನು ಒಮ್ಮೆ ಇಳಿಸುವುದು ನಮ್ಮ ಶಾಸ್ತ್ರ. ಯಾರಾದರೂ ಯಂತ್ರದೊಳಗಿದ್ದರೆ ಸ್ವಿಚ್ಚಿನ ಹಿಡಿಗೆ ಕೆಂಪು ಕಾರ್ಡ್ ನೇತುಹಾಕಬೇಕೆಂಬುದು ನಿಯಮ. ಅಂದು ಅಲ್ಲಿ ಕಾರ್ಡ್ ಇರಲಿಲ್ಲ, ಚೆಂಡುಹೂವಿನ ಹಾರವಿತ್ತು. ಆದರೂ ಯಂತ್ರಕ್ಕೊಂದು ಸುತ್ತು ಬರದೆ ಕರೆಂಟ್ ಕೊಡುವ ಜಾತಿ ನಾನಲ್ಲ. ಹೊರಟೆ.

“ಶುರುವಾಯ್ತು ನೋಡ್ರಪ್ಪಾ ಇವನ ಪ್ರದಕ್ಷಿಣೆ!” ಎಂದರು ಸೂಪರ್‌ವೈಸರ್ ಗಂಗಾಧರಣ್ಣ. “ಲೇ, ರಾಹುಕಾಲ ಬಂದ್ಬಿಡ್ತದೆ ಕಣೋ, ಎತ್ತು!”

ಎಲ್ಲರೂ ನಕ್ಕರು. ನಾಚಿಕೆಯಾಗಿ ಹಿಂದಿರುಗಿ ಹಿಡಿಗೆ ಕೈಹಾಕಿದೆ. ಆಗ ಫಲಕ ಬೆಳಗಿತು. ‘ಗಾರ್ಡ್ ಓಪನ್’ ಎಂಬ ಇಂಗ್ಲಿಷ್ ಅಕ್ಷರಗಳು, ಕೆಂಡದಷ್ಟು ಸ್ಪಷ್ಟ. ಪ್ರೆಸ್ಸಿನ ಹಿಂಬದಿಯ ಕಾವಲು ಬಾಗಿಲು ತೆರೆದಿದೆ ಎಂದು ಅರ್ಥ. ಓದಿ ಮುಗಿಸುವಷ್ಟರಲ್ಲಿ ಆರಿದವು. ಸ್ವಿಚ್ಚಿನ ಹಿಡಿ ಇನ್ನೂ ಕೆಳಗೇ ಇತ್ತು.

“ಒಳಗ್ಯಾರು?” ಎಂದು ಕಿರುಚಿದೆ.

“ನಾನಣ್ಣ, ಯಾಕೆ?”

ಪ್ರೆಸ್ಸಿನ ಬಾಯಿಂದ ಆಪರೇಟರ್ ಮುನಿರಾಜು ತಲೆ ಹೊರಹಾಕಿದ. ಬೆರಳಲ್ಲಿ ಕುಂಕುಮ. ಹಿಂದಿನಿಂದ ನುಗ್ಗಿ ಅಚ್ಚಿಗೆ ಬೊಟ್ಟಿಡುತ್ತಿದ್ದನಂತೆ. ಅವನು ನೇತುಹಾಕಿದ್ದ ಕಾರ್ಡನ್ನು ಹಾರ ಕಟ್ಟಿದವರು ಯಾರೋ ತೆಗೆದು, ಭಕ್ತಿಯಿಂದ ಸ್ಪ್ಯಾನರುಗಳ ಜೊತೆ ಪೂಜೆಗಿಟ್ಟಿದ್ದರು. ಕಾರ್ಡಿಗೂ ಕುಂಕುಮ ಹಚ್ಚಿದ್ದರು.

ಗಂಗಾಧರಣ್ಣ ತಾವೇ ಆ ಕಾರ್ಡನ್ನು ತಂದು ಹಿಡಿಗೆ ನೇತುಹಾಕಿದರು. ಫಲಕದಲ್ಲಿ ಏನೂ ಕಾಣಲಿಲ್ಲವೆಂದು ಅವರೂ ಹೇಳಿದರು, ಉಳಿದವರೂ ಹೇಳಿದರು.

ಒಣಬಟ್ಟೆ ತಿಕ್ಕಿದ ಗಾಜಿನಲ್ಲಿ ಹುಟ್ಟುವ ವಿದ್ಯುತ್ತಿಗೆ ಅನಿಲ ಮಿನುಗಬಹುದು, ಒಪ್ಪುತ್ತೇನೆ. ಆದರೆ ಯಾವ ಚುಕ್ಕಿ ಬೆಳಗಬೇಕೆಂದು ಆಯ್ದವರು ಯಾರು? ಆ ಬಾಗಿಲಿನಿಂದ ಫಲಕಕ್ಕೆ ಸುದ್ದಿ ಮುಟ್ಟಿಸುವ ತಂತಿ, ನಾವು ಯಂತ್ರವನ್ನು ಸೆಕೆಂಡ್‌ಹ್ಯಾಂಡಿಗೆ ಕೊಳ್ಳುವ ಮೊದಲೇ ತುಂಡಾಗಿತ್ತೆಂದು ಆಮೇಲೆ ಬಿಚ್ಚಿದಾಗ ತಿಳಿಯಿತು. ಜೋಡಿಸಿದೆ.

ಈಗಲೂ ಪ್ರತಿ ಆಯುಧಪೂಜೆಗೆ ಮೇನ್ ಇಳಿಸಿ, ಆ ಗಾಜನ್ನು ಒಣಬಟ್ಟೆಯಲ್ಲಿ ತಿಕ್ಕಿ ಕಾಯುತ್ತೇನೆ. ಒಂದೆರಡು ಚುಕ್ಕಿ ಮಿಣುಕಿದರೆ ಹೆಚ್ಚು, ಅಕ್ಷರವಾಗುವುದಿಲ್ಲ. ಮುನಿರಾಜು ಪಕ್ಕಕ್ಕೆ ಬಂದು ನಿಲ್ಲುತ್ತಾನೆ.

“ಏನಾದ್ರೂ ಬಂತಾ ಅಣ್ಣ?”

“ಇಲ್ಲ ಕಣೋ.”

“ನಾನು ಹೊರಗಿದ್ದೀನಲ್ಲ, ಅದ್ಕೇ.”