ಮಾಲೆಯಿಂದ ಬಂದ ಫೋನು

ನನ್ನ ಎರಡನೆಯ ಮಗಳು ಹುಟ್ಟಿದ್ದು ೧೯೮೮ರ ಅಕ್ಟೋಬರಿನಲ್ಲಿ, ನೈರೋಬಿಯಲ್ಲಿ. ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಮೆಂತ್ಯ, ಓಮ, ಒಣಶುಂಠಿಯ ಗಂಟುಗಳನ್ನು ಹೊತ್ತು ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲಾಟಿಗೆ ಬಂದಿಳಿದಿದ್ದಳು. ನನ್ನ ತಮ್ಮ ಆಗ ಮಾಲ್ಡೀವ್ಸ್ ದ್ವೀಪಗಳ ರಾಜಧಾನಿ ಮಾಲೆಯಲ್ಲಿ ಶಾಲಾ ಮೇಷ್ಟ್ರು. ಅವನು ಅಲ್ಲಿಗೆ ಹೊರಟಾಗ ಅಮ್ಮನಿಗಿದ್ದ ಭಯ ಒಂದೇ: ಸುತ್ತ ಸಮುದ್ರ, ಹುಡುಗನಿಗೆ ಈಜು ಬರುವುದಿಲ್ಲ.

ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ನನ್ನ ಗಂಡ ಆಸ್ಪತ್ರೆಯ ಡ್ಯೂಟಿಗೆ ಹೊರಟವರು ತಿರುಗಿ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಮಂಚದ ತುದಿಯಲ್ಲಿ ಕೂತರು.

"ಗಾಬರಿ ಆಗ್ಬೇಡ. ಯಾರೋ ಬಂದೂಕು ಹಿಡಿದವರು ದೋಣಿಗಳಲ್ಲಿ ಬಂದು ಮಾಲೆ ಊರೊಳಗೆ ನುಗ್ಗಿದ್ದಾರಂತೆ. ಸರ್ಕಾರ ಉರುಳಿಸೋಕೆ. ಈಗ ರೇಡಿಯೋಲಿ ಬಂತು."

"ಅಲ್ಲಿ ಸೈನ್ಯ ಇಲ್ವಾ?"

"ಇದೆ, ಚಿಕ್ಕದು. ತಮ್ಮ ಠಾಣ್ಯ ಬಿಟ್ಟುಕೊಡದೆ ಕಾದಾಡ್ತಿದ್ದಾರೆ. ಇಂಡಿಯಾದ ಸಹಾಯ ಕೇಳಿದ್ದಾರಂತೆ. ಅತ್ತೆಗೆ ಮಾತ್ರ ಹೇಳ್ಬೇಡ, ಬಿಪಿ ಇದೆ ಅವರಿಗೆ."

ಹೋಗುವಾಗ ಅಡುಗೆಮನೆಯ ರೇಡಿಯೋದ ಬ್ಯಾಟರಿಗಳನ್ನು ಸದ್ದಿಲ್ಲದೆ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು.

ತಮ್ಮನ ಕೋಣೆ ಆ ಠಾಣ್ಯದ ಹಿಂದಿನ ಗಲ್ಲಿಯಲ್ಲೇ ಇತ್ತು. ರಾತ್ರಿಪೂರ್ತಿ ಬೂಟುಗಳ ಕವಾಯತು ಕೇಳಿಸುತ್ತದೆ, ನಿದ್ದೆ ಹತ್ತುವುದಿಲ್ಲ ಎಂದು ಹಿಂದೊಮ್ಮೆ ಬರೆದಿದ್ದ. ಕೂಸಿಗೆ ಹಾಲೂಡಿಸುತ್ತ ಅದೊಂದನ್ನೇ ಯೋಚಿಸುತ್ತಿದ್ದೆ.

ಬಾಣಂತಿ ಸ್ನಾನವೆಂದರೆ ಅಮ್ಮನ ರಾಜ್ಯ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂರಿಸಿ, ಮೈತುಂಬ ಎಣ್ಣೆ ತಿಕ್ಕಿ, ತಡೆಯಲಾರದಷ್ಟು ಬಿಸಿಯ ನೀರು ಹೊಯ್ಯುತ್ತಿದ್ದಳು. ತಲೆಯಿಂದ ನೀರಿಳಿಯುವಾಗ ಅತ್ತರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಅತ್ತುಬಿಟ್ಟೆ. ಚೊಂಬು ನಿಂತಿತು.

"ನಿಂಗೂ ಗೊತ್ತಾಯ್ತಾ?" ಅಂದಳು ಅಮ್ಮ.

"ಏನು?"

"ಮಾಲೆ ವಿಷಯ. ಎದ್ದ ಕೂಡ್ಲೇ ಹಿಂದಿ ವಾರ್ತೆ ಕೇಳ್ದೆ. ಹೇಳಿದ್ರೆ ನಿಂಗೆ ಹಾಲು ಬತ್ತುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಬ್ಯಾಟರಿ ತೆಗೆದಿದ್ದು ಅಳಿಯಂದ್ರಾ?"

ಅಳುವಿನ ನಡುವೆ ನನಗೆ ನಗು ಬಂತು. ಅಮ್ಮ ನಗಲಿಲ್ಲ. ಉಳಿದ ನೀರು ಹೊಯ್ದು, ನನ್ನ ತಲೆಗೆ ಟವೆಲು ಸುತ್ತಿ, ಸೆರಗಿನಿಂದ ತನ್ನ ಮುಖ ಒರೆಸಿಕೊಂಡು, "ಅವನಿಗೆ ಬುದ್ಧಿ ಇದೆ. ಬಾಗಿಲು ತೆಗೆಯಲ್ಲ" ಅಂದಳು. ದಿನವಿಡೀ ಅದನ್ನೇ ಹೇಳಿದಳು. ಹೊಸ ಬ್ಯಾಟರಿ ತರಿಸಿದೆವು. ಸಂಜೆ ನನ್ನ ಗಂಡ ಮನೆಗೆ ಬಂದಾಗ ನಾವಿಬ್ಬರೂ ರೇಡಿಯೋದ ಎರಡು ಬದಿಗೆ ಕೂತಿದ್ದೆವು. ಅವರು ಶೂ ಬಿಚ್ಚಿ, ಪಕ್ಕದಲ್ಲೇ ನೆಲದ ಮೇಲೆ ಕೂತರು. ಆಸ್ಪತ್ರೆಯಿಂದಲೇ ಮಾಲೆಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದರಂತೆ, ಲೈನು ಸಿಕ್ಕಿರಲಿಲ್ಲ.

ಮರುದಿನ ಬೆಳಗಿನ ವಾರ್ತೆಯಲ್ಲಿ ಭಾರತದ ಸೈನಿಕರು ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಇಳಿದು, ದೋಣಿಗಳಲ್ಲಿ ಮಾಲೆ ಸೇರಿದ್ದಾರೆ, ದಾಳಿಕೋರರು ಹಡಗು ಹತ್ತಿ ಓಡಿದ್ದಾರೆ ಎಂದರು. ಅಮ್ಮ ಕೈಮುಗಿದಳು. ಆದರೆ ಊಟಕ್ಕೆ ಕೂರಲಿಲ್ಲ. ಊರು ಉಳಿದರೆ ಆಯಿತೇ, ಅವಳ ಮಗನ ದನಿ ಕೇಳಬೇಡವೇ?

ಶನಿವಾರ ಮಧ್ಯಾಹ್ನ ಫೋನು ಬಂತು. ಗರಗರ ಸದ್ದಿನ ನಡುವೆ, "ಅಕ್ಕಾ, ನಾನೇ. ಚೆನ್ನಾಗಿದೀನಿ" ಎಂದ. ಅಮ್ಮನನ್ನು ಕೂಗಿ ಕರೆದೆ.

"ಒಂದಿಡೀ ದಿನ ಮಂಚದ ಕೆಳಗೇ ಬಿದ್ದಿದ್ದೆ ಕಣೇ. ಬೆಳಗಿನ ಜಾವ ಮತ್ತೆ ಬೂಟಿನ ಸದ್ದು. ಯಾರ ಕಡೆಯವರೋ ಏನೋ. ಅಷ್ಟರಲ್ಲಿ ಒಬ್ಬ ಇನ್ನೊಬ್ಬನಿಗೆ, 'ಲೋ, ನೋಡ್ಕೊಂಡ್ ಬಾರೋ, ಗಾಜು ಬಿದ್ದಿದೆ' ಅಂದ. ಕನ್ನಡ! ಬಾಗಿಲು ತೆಗೆದು, 'ಸಾರ್, ನಾನು ಮೈಸೂರಿನವನು' ಅಂತ ಕೂಗಿದೆ. ಬಂದೂಕು ನನ್ನ ಕಡೆ ತಿರುಗಿಸಿದವನು ಹಾಗೇ ನಿಂತು, 'ಮೈಸೂರಲ್ಲಿ ಎಲ್ಲಿ?' ಅಂದ. 'ಒಂಟಿಕೊಪ್ಪಲು' ಅಂದೆ. 'ಒಳಗ್ ಹೋಗಿ ಸಾರ್, ಇನ್ನೂ ಮುಗಿದಿಲ್ಲ' ಅಂದ."

ನನ್ನ ಕಿವಿಗೆ ಕಿವಿ ತಾಗಿಸಿ ಕೇಳುತ್ತಿದ್ದ ಅಮ್ಮ ಫೋನು ಕಿತ್ತುಕೊಂಡಳು. "ಬಾಗಿಲು ಯಾಕೋ ತೆಗೆದೆ, ಕತ್ತೆ!" ಎಂದು ಶುರುವಾದ ಬೈಗುಳ ಅಳುವಿನಲ್ಲಿ ಮುಗಿಯಿತು. ಕೆಲಸ ಬಿಟ್ಟು ಬಂದುಬಿಡು ಎಂದಳು. ಇನ್ನೆರಡು ದಿನದಲ್ಲಿ ಶಾಲೆ ತೆರೆಯುತ್ತದೆ, ಮಕ್ಕಳಿಗೆ ಪರೀಕ್ಷೆ ಹತ್ತಿರ, ಬರಲಾಗುವುದಿಲ್ಲ ಎಂದ. ನನ್ನ ದೊಡ್ಡ ಮಗಳು ರಿಸೀವರಿಗೆ ಬಾಯಿ ಹಚ್ಚಿ, "ಮಾಮಾ, ಡಿಡ್ ಯು ಸೀ ಎ ರಿಯಲ್ ಗನ್?" ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.

ಅಮ್ಮ ಎದ್ದು ಮುಖ ತೊಳೆದು ಎಲ್ಲರಿಗೂ ತಟ್ಟೆ ಹಾಕಿದಳು. ಬಾಣಂತಿಯ ಪಥ್ಯವನ್ನು ಸಂಪೂರ್ಣ ಮರೆತು ನನಗೂ ತಣ್ಣನೆಯ ಮೊಸರನ್ನ ಬಡಿಸಿದಳು, ಜೊತೆಗೊಂದು ಮಾವಿನಮಿಡಿ. ನಾನು ನೆನಪಿಸಲಿಲ್ಲ. ಅವಳಿಗೆ ಹೊಳೆಯುವ ಮೊದಲೇ ತಿಂದು ಮುಗಿಸಿದೆ.